ಒಂದೇ ಬೆಡಗಿನ ಎರಡು ರ‍್ಯಾಮ್

ಗೋತ್ರದ ಹಾಗೆ ಮದುವೆಗೆ ನೋಡುವ ಬೆಡಗನ್ನು ಕಂಪ್ಯೂಟರಿಗೂ ಕೇಳಿದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಾಣುವುದೇನು, ಇಪ್ಪತ್ತೆರಡು ವರ್ಷ ಮುದ್ದೆ ಕಟ್ಟಿ ಬಡಿಸಿದ್ದೇನೆ! ನಮ್ಮ ಯಜಮಾನರು.

ಮಧುಗಿರಿಯಲ್ಲಿ ಅವರದೊಂದು ಪುಟ್ಟ ಅಂಗಡಿ. ಮನೆ ಕಟ್ಟುವವರಿಗೆ ಕಂಪ್ಯೂಟರಿನಲ್ಲಿ ಮನೆ ಎಬ್ಬಿಸಿ ತೋರಿಸುವುದು ಕಸುಬು. ಪಾಯ ತೋಡುವ ಮೊದಲೇ ನೀವು ಪರದೆಯಲ್ಲಿ ಬಾಗಿಲು ತೆಗೆದು ಒಳಗೆಲ್ಲ ಓಡಾಡಿ ಬರಬಹುದು. ಅಂಗಡಿಯಲ್ಲಿ ಇದ್ದವರು ನಾವಿಬ್ಬರೇ. ಆದರೂ ಕಂಡ ವಸ್ತುವಿಗೆಲ್ಲ ಕಾಗದದ ಟೇಪ್ ಅಂಟಿಸಿ ಬರೆಯುವ ಚಾಳಿ ಅವರಿಗೆ. ಸ್ವಿಚ್ಚಿನ ಮೇಲೆ ‘ಇದು ಫ್ಯಾನು’. ಫ್ಯಾನಿನ ಮೇಲೆ ‘ಸ್ವಿಚ್ಚು ಅಲ್ಲಿದೆ’. ಯಾರಿಗಾಗಿ ಬರೆಯುತ್ತಿದ್ದರೋ!

ಇಂಥ ಕೆಲಸಕ್ಕೆ ಬೇರೆಯವರೆಲ್ಲ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು ಹಾಕಿಸುತ್ತಾರೆ. ಇವರು ಒಲ್ಲೆ ಎಂದರು. “ಪ್ರೊಸೆಸರ್ ಒಳಗೇ ಚಿತ್ರ ಬರೆಯೋನು ಕುಂತವ್ನೆ ಕಣೇ. ಅವನಿಗೆ ಸ್ವಂತ ಮೆಮೊರಿ ಕೊಳ ಇಲ್ಲ, ಅಷ್ಟೇಯ. ರ‍್ಯಾಮಿಂದ ಮೊಗ್ಕೊಂಡು ಬರ್ಬೇಕು. ರ‍್ಯಾಮ್ ಜೋರಾಗಿದ್ರೆ ಅವನೂ ಜೋರು!”

ಮಾತೇನೋ ಸರಿ. ಆದರೆ ಅವನು ಜೋರಾಗಲೇ ಇಲ್ಲ.

ವಳ್ಳೂರಿನಿಂದ ಒಬ್ಬ ಅಜ್ಜಿ ಬಂದರು. ಎರಡೂ ಮಂಡಿ ಹೋಗಿದ್ದವು. ನಡುಮನೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದೇ ಒಂದು ಮೆಟ್ಟಿಲಿದ್ದರೂ ಮನೆ ಕಟ್ಟಿಸುವುದಿಲ್ಲ, ಕಣ್ಣಾರೆ ನೋಡಿಯೇ ಪಾಯ, ಎಂದು ಹಟ. ಇವರು ಪರದೆಯ ಮೇಲೆ ಮನೆ ಓಡಿಸಿದರು. ಬಾಗಿಲು ತೆರೆಯಿತು, ನಡುಮನೆಗೆ ಕಾಲಿಟ್ಟೆವು. ಚಿತ್ರ ಅಲ್ಲೇ ನಿಂತಿತು!

“ಏಮಿ ನಾಯ್ನಾ, ನಿಮ್ಮನೆಗೂ ಮಂಡಿ ನೋವಾ?” ಎಂದರು ಅಜ್ಜಿ. ಅವರ ಮನೆಮಾತು ತೆಲುಗು; ‘ನಾಯ್ನಾ’ ಅಂದರೆ ‘ಅಪ್ಪಾ’.

ನಾನು ನಗಲಿಲ್ಲ. ಹಿಂದಿನ ವರ್ಷ ಒಂದು ಸಲ ಎದೆನೋವು ಬಂದು ಆಸ್ಪತ್ರೆ ಕಂಡವರು ನಮ್ಮ ಯಜಮಾನರು. ಪರದೆ ನಿಂತಾಗಲೆಲ್ಲ ಎಡಗೈ ಎದೆಗೆ ಹೋಗುತ್ತಿತ್ತು. ಎಲ್ಲರೂ ಪರದೆ ನೋಡುತ್ತಿದ್ದರೆ ನಾನು ಆ ಕೈ ನೋಡುತ್ತಿದ್ದೆ.

ಮುಂದಿನ ವಾರ ಅಜ್ಜಿ ಮತ್ತೆ ಬಂದರು. ಅಷ್ಟರಲ್ಲಿ ಇವರಿಗೆ ಒಂದು ಕಳ್ಳತನ ಸಿಕ್ಕಿತ್ತು. ರ‍್ಯಾಮಿನ ಮೈಮೇಲೆ ಮೂರು ಸಾವಿರದ ಇನ್ನೂರು ಎಂದು ಬರೆದಿದ್ದರೂ ಅದು ಎರಡು ಸಾವಿರದ ಚಿಲ್ಲರೆ ವೇಗದಲ್ಲಿ ಆರಾಮಾಗಿ ಕಾಲ ತಳ್ಳುತ್ತಿತ್ತಂತೆ! ನಾವಾಗಿ ಕಂಪ್ಯೂಟರಿನ ಸೆಟ್ಟಿಂಗಿನ ಒಳಗೆ ಹೋಗಿ ಹೇಳದಿದ್ದರೆ ಅದು ಪೂರ್ತಿ ಓಡುವುದಿಲ್ಲವಂತೆ. ಇವರು ಹೇಳಿದರು. ಮನೆ ಸ್ವಲ್ಪ ಚುರುಕಾಯಿತು. ನಡುಮನೆ ದಾಟಿ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಿತು.

“ಇಂಗಾದ್ರೆ ಬಚ್ಚಲಿಗೆ ಅರ್ಜೆಂಟಾದಾಗ ನನ್ನ ಗತಿ ಏನು ನಾಯ್ನಾ?”

ಇವರ ಕೈ ಎದೆಗೆ ಹೋಯಿತು. “ಶುಕ್ರವಾರ ಬನ್ನಿ ಅಜ್ಜಿ,” ಎಂದರು. “ಅವತ್ತೂ ನಿಂತ್ರೆ ಅಂಗಡಿ ಮುಚ್ಬುಡ್ತೀನಿ.”

ಹಾಗೆಂದರೆ ಮುಚ್ಚಿಯೇ ಬಿಡುವ ಮನುಷ್ಯ! ಮುಚ್ಚಿದರೆ ಆ ಎದೆ ಏನಾಗುತ್ತದೋ ಎಂದು ನನಗೆ ದಿಗಿಲು. ನಾನು ಓದಿದ್ದು ಹತ್ತನೇ ಕ್ಲಾಸು. ಆದರೂ ಕಂಪ್ಯೂಟರಿನ ಮದರ್‌ಬೋರ್ಡಿನ ಜೊತೆ ಬಂದಿದ್ದ ಪುಸ್ತಿಕೆ ತೆಗೆದು ಚಿತ್ರ ನೋಡಿದೆ. ಬೋರ್ಡಿನಲ್ಲಿ ರ‍್ಯಾಮಿಗೆ ನಾಲ್ಕು ಮನೆ, ಅಂದರೆ ಸ್ಲಾಟು: ಒಂದು ಕಪ್ಪು, ಒಂದು ಬೂದು, ಮತ್ತೆ ಕಪ್ಪು, ಮತ್ತೆ ಬೂದು. ಎರಡೇ ರ‍್ಯಾಮ್ ಇದ್ದರೆ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು, ಆಗ ಎರಡೂ ಸೇರಿ ದುಡಿಯುತ್ತವೆ ಎಂದಿತ್ತು. ಇವರು ಮೊದಲ ಎರಡು ಮನೆಯಲ್ಲಿ ಒತ್ತೊತ್ತಾಗಿ ಕೂರಿಸಿದ್ದರು.

“ರೀ, ಒಂದೇ ಬಣ್ಣದ ಮನೆಗೆ ಹಾಕ್ಬೇಕಂತೆ.”

“ಲೇ, ಒಂದೇ ಬಣ್ಣ ಅಂದ್ರೆ ಒಂದೇ ಬೆಡಗು ಕಣೇ. ಅಣ್ಣ ತಂಗಿ ಆಗ್ತವೆ. ಒಂದೇ ಬೆಡಗಲ್ಲಿ ಜೋಡಿ ಮಾಡ್ತಾರೇನೇ? ಜೋಡಿ ಅಂದ್ಮೇಲೆ ಬೆಡಗು ಬೇರೆ ಇರ್ಬೇಕು, ಹಸೆಮಣೆ ಮೇಲೆ ಕುಂತಂಗೆ ಪಕ್ಕಪಕ್ಕ ಇರ್ಬೇಕು!”

“ಅವಕ್ಕೇನು ಮದುವೆನಾ ರೀ?”

“ನಿಂಗೆ ಗೊತ್ತಾಗಕಿಲ್ಲ, ಬುಡು.”

ಬಿಡಲಿಲ್ಲ. ಶುಕ್ರವಾರ ಅವರು ಅಜ್ಜಿಯನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದ ಕೂಡಲೇ ಪ್ಲಗ್ ಕಿತ್ತು ಪೆಟ್ಟಿಗೆ ಬಿಚ್ಚಿದೆ. ಎತ್ತಬೇಕಾದದ್ದು ಒಂದನ್ನೇ, ಮೊದಲ ಮನೆಯದನ್ನು. ನಾಲ್ಕನೇ ಮನೆಯ ಬಾಯಿಗೆ ಅದು ಸೇರಲೇ ಒಲ್ಲದು. ಹೊರಗೆ ಆಟೋ ನಿಂತ ಸದ್ದು. ಅಜ್ಜಿಯ ಕೋಲಿನ ಸದ್ದು. ಒತ್ತಿದೆ. ಟಕ್! ಮುಚ್ಚಳ ಹಾಕಿ, ಪ್ಲಗ್ ಸಿಕ್ಕಿಸಿ, ಪೊರಕೆ ಹಿಡಿದು ನಿಂತೆ.

ಮನೆ ಓಡಿತು. ನಡುಮನೆ ದಾಟಿತು, ಅಡುಗೆಮನೆ ದಾಟಿತು, ಒಂದು ಸಲವೂ ಎಡವದೆ ಬಚ್ಚಲ ಬಾಗಿಲಿಗೆ ಹೋಯಿತು. ಮೆಟ್ಟಿಲು ಇರಲಿಲ್ಲ. ಅಜ್ಜಿ ಕುರ್ಚಿಯಲ್ಲೇ ಎರಡೂ ಕಾಲು ಆಡಿಸಿ, “ಪಾಯ ತೋಡ್ಸು ನಾಯ್ನಾ!” ಎಂದರು. ಇವರ ಎಡಗೈ ಮೌಸಿನ ಪಕ್ಕದಲ್ಲೇ ಇತ್ತು.

“ನೋಡ್ದೇನೇ? ಪಕ್ಕಪಕ್ಕ ಕೂರ್ಸಿದ್ದು ಹೆಂಗೆ ಹೊಂದ್ಕೊಂಡ್ವು!” ಎಂದರು ನನಗೆ. ನಾನು ಕಸ ಗುಡಿಸಿದೆ. ಆಮೇಲೆ ಎಷ್ಟೋ ಸಲ ಅವರೇ ಪೆಟ್ಟಿಗೆ ಬಿಚ್ಚಿ ಧೂಳು ಊದಿದರು, ಒಂದು ಮಾತೂ ಆಡಲಿಲ್ಲ. ಕನ್ನಡಕ ಹಾಕಿರಲಿಲ್ಲವೇನೋ ಅಂದುಕೊಂಡೆ.

ಈ ಮಾಘದಲ್ಲಿ ಅವರ ಕೈ ಕೊನೆಯ ಸಲ ಎದೆಗೆ ಹೋದಾಗ ಪರದೆ ನಿಂತಿರಲಿಲ್ಲ. ಯಾರದೋ ಮನೆ ಚೆನ್ನಾಗಿಯೇ ಓಡುತ್ತಿತ್ತು.

ಅಂಗಡಿಯ ಬಾಗಿಲು ಎಳೆದವಳು ನಾನೇ. ತೆಗೆಯುವ ಮನಸ್ಸಾಗಲಿಲ್ಲ. ಹೋದ ವಾರ ವಳ್ಳೂರಿನ ಅಜ್ಜಿ ಫೋನ್ ಮಾಡಿದರು. “ಅಮ್ಮಣ್ಣೀ, ಹಿತ್ತಲಲ್ಲಿ ಒಂದು ರೂಮು ಎತ್ಬೇಕು. ನಾಯ್ನಾ ಇಲ್ದಿದ್ರೆ ನೀನ್ ತೋರ್ಸು. ಬೇರೆಯೋರು ತೋರ್ಸೋ ಮನೆ ಮೇಲೆ ನಂಗೆ ನಂಬ್ಕೆ ಇಲ್ಲ.”

ಹೋಗಿ ಬಾಗಿಲು ತೆಗೆದು ಕಂಪ್ಯೂಟರ್ ಹಾಕಿದೆ. ಪರದೆ ಬರಲಿಲ್ಲ. ಇಂಥ ಹೊತ್ತಿನಲ್ಲಿ ಅವರು ರ‍್ಯಾಮ್ ತೆಗೆದು, ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಹಾಕುತ್ತಿದ್ದರು. ನಾನೂ ಪೆಟ್ಟಿಗೆ ಬಿಚ್ಚಿದೆ. ಎರಡೂ ನಾನು ಕೂರಿಸಿದ್ದಲ್ಲೇ ಇದ್ದವು. ಪಕ್ಕದ ತಗಡಿನ ಒಳಮೈಗೆ ಒಂದು ಕಾಗದದ ಟೇಪು. ಅವರ ಅಕ್ಷರ.

‘ಬೆಡಗು ಒಂದೇ. ಆದರೂ ಹೊಂದಿಕೊಂಡಿವೆ. ಕದಲಿಸಬೇಡಿ. ನನಗೆ ಗೊತ್ತಾಯಿತು ಅಂತ ಅವಳಿಗೆ ಹೇಳಬೇಡಿ.’

ರ‍್ಯಾಮ್ ತಿಕ್ಕಿ, ಅವೇ ಮನೆಗಳಲ್ಲಿ ಕೂರಿಸಿ, ಪೆಟ್ಟಿಗೆ ಮುಚ್ಚಿದೆ. ಪರದೆ ಬಂತು. ಅಜ್ಜಿಗೆ ಶುಕ್ರವಾರ ಬನ್ನಿ ಎಂದಿದ್ದೇನೆ.

ಟೇಪು ಅಲ್ಲೇ ಇದೆ. ನನಗೆ ಯಾರೂ ಏನೂ ಹೇಳಿಲ್ಲ.