ಅತ್ತೆಯ ಪ್ಲೇಟು

ನನ್ನ ಅತ್ತೆಗೆ ವರ್ಷಕ್ಕೆ ಮೂರೇ ನಿಮಿಷ ಸ್ವರ ಇರುತ್ತಿತ್ತು ಎಂದರೆ ನೀವು ನಂಬಲಾರಿರಿ! ಉಳಿದ ದಿನಗಳಲ್ಲಿ ಅದು ನೆಕ್ರಾಜೆಯ ನಮ್ಮ ಮನೆಯ ಮರದ ಪೆಟ್ಟಿಗೆಯೊಳಗೆ, ಪಟ್ಟೆ ಸೀರೆಯ ಮಡಿಕೆಯಲ್ಲಿ ಮಲಗಿರುತ್ತಿತ್ತು.

ಅತ್ತೆ, ಅಂದರೆ ಅಪ್ಪನ ತಂಗಿ, ನಾಟಕ ಕಂಪೆನಿಯಲ್ಲಿ ರಾಣಿಯಾಗಿದ್ದವಳು. ಮೈಕು ಇಲ್ಲದ ಕಾಲ. ಕೊನೆಯ ಚಾಪೆಯವನಿಗೂ ಕೇಳಲಿ ಎಂದು ಊರೂರಿನ ಡೇರೆಗಳಲ್ಲಿ ಹಾಡಿ ಹಾಡಿ ಗಂಟಲು ಒಡೆಯಿತು. ಕಂಪೆನಿಗೆ ಬೇರೆ ರಾಣಿ ಸಿಕ್ಕಿದಳು. ನಮಗೆ ಅತ್ತೆ ಸಿಕ್ಕಿದಳು. ಜೊತೆಗೆ ಒಂದು ಗ್ರಾಮಫೋನ್ ಪ್ಲೇಟು. ಗಂಟಲು ನೆಟ್ಟಗಿದ್ದಾಗ ಮದರಾಸಿಗೆ ಹೋಗಿ ಹಾಡಿ ಬಂದದ್ದು. ಒಂದು ಮಗ್ಗುಲಲ್ಲಿ ಅವಳು, ಇನ್ನೊಂದರಲ್ಲಿ ಕಂಪೆನಿಯ ಹಾಸ್ಯಗಾರ. ಹಾಸ್ಯಗಾರನ ಮೇಲೆ ಅತ್ತೆ ಗಂಜಿ ತಿಳಿ ಸವರಿ ಕಾಗದ ಅಂಟಿಸಿದ್ದಳು. ರಾಣಿಯ ಬೆನ್ನಿಗೆ ಬೆನ್ನು ಕೊಟ್ಟು ಕೋಡಂಗಿ ಮಲಗುವುದೇ?

“ಮುಳ್ಳು ಒಮ್ಮೆ ಸುತ್ತಿದರೆ ನನ್ನ ಸ್ವರದ ಒಂದು ಪದರ ಹೋಗುತ್ತದೆ. ವರ್ಷಕ್ಕೆ ಒಂದೇ ಸಲ!” ಎನ್ನುತ್ತಿದ್ದಳು, ಪಿಸುಗುಟ್ಟುವ ಹಾಗೆ. ಅವಳ ಬೊಬ್ಬೆಯೂ ಅಷ್ಟೇ ಇತ್ತು.

“ಹಾಗಾದರೆ ಹಾಕುವುದೇ ಬೇಡ ಅಲ್ಲವಾ ಅತ್ತೆ?”

“ಹಾಕದಿದ್ದರೆ ನಾನು ಹಾಡುತ್ತಿದ್ದೆ ಅಂತ ನನಗಾದರೂ ಹೇಗೆ ಗೊತ್ತಾಗುವುದು?”

ಗ್ರಾಮಫೋನ್ ಇದ್ದದ್ದು ಕಾಸರಗೋಡು ಪೇಟೆಯಲ್ಲಿ, ಹಂಚಿನ ವ್ಯಾಪಾರಿ, ಕೊಂಕಣಿ ಮಾತಾಡುವ ಕ್ರಿಸ್ತುವರಾದ ಪೊರ್ಬುಗಳ ಮನೆಯಲ್ಲಿ. ವರ್ಷಕ್ಕೊಮ್ಮೆ ಅತ್ತೆ ಅಲ್ಲಿಗೆ ಹೊರಟರೆ ಜೊತೆಗೆ ಅಮ್ಮ, ಬಾಲದ ಹಾಗೆ ನಾನು. ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಅತ್ತೆ ಅದರಲ್ಲಿ ಪ್ಲೇಟನ್ನು ಕೂರಿಸಿ ತಾನು ನಿಲ್ಲುವಳು.

“ಎಂತದು ಮಾರಾಯ್ತಿ, ನೀವು ಕೂತು ಅದನ್ನು ಮಡಿಲಲ್ಲಿ ಇಟ್ಟುಕೊಳ್ಳಬಾರದಾ?” ಎಂದ ಕಂಡಕ್ಟರ್.

“ಹಾಡುವವಳು ಅವಳು. ನಾನು ಜೊತೆಗೆ ಬಂದವಳು.”

ಪೊರ್ಬುಗಳ ಜಗಲಿಯಲ್ಲಿ ಅತ್ತೆ ಮೂರು ನಿಮಿಷ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಅಮ್ಮ ಮೆಟ್ಟಿಲಲ್ಲಿ ಕೂತು, “ಇದಕ್ಕೆ ನನ್ನ ಒಂದು ದಿನದ ಕೆಲಸ ಹಾಳು!” ಎಂದು ಗೊಣಗುತ್ತಿದ್ದಳು.

ಹೀಗಿರಲು ಒಂದು ಬೇಸಗೆ ಅಮ್ಮ ಪಟ್ಟೆ ಸೀರೆಗಳಿಗೆ ಬಿಸಿಲು ತೋರಿಸಲು ಪೆಟ್ಟಿಗೆ ತೆರೆದಳು. ಪ್ಲೇಟಿನ ಮೇಲೆ ಬಿಳಿ ಬೂಷ್ಟು! ನಾದಿನಿಯ ಸ್ವರಕ್ಕೆ ಬೂಷ್ಟು ಹಿಡಿದರೆ ಅತ್ತಿಗೆಯಾದವಳು ಸುಮ್ಮನಿರುವುದು ಹೇಗೆ? ತೆಂಗಿನೆಣ್ಣೆಯಲ್ಲಿ ಒರೆಸಿದಳು. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ಚಾಪೆಯಲ್ಲಿ ಒಂದು ಹಪ್ಪಳದಷ್ಟು ಜಾಗವೂ ಇತ್ತು. ಅತ್ತೆ ತೋಡಿನಲ್ಲಿ ಬಟ್ಟೆ ಒಗೆದು ಬರುವಷ್ಟರಲ್ಲಿ ಹಪ್ಪಳಗಳೆಲ್ಲ ಚಪ್ಪಟೆಯಾಗಿ ಒಣಗಿದ್ದವು, ಸೊಟ್ಟಗಾದದ್ದು ನಡುವೆ ಇಟ್ಟ ಪ್ಲೇಟೊಂದೇ.

ಅತ್ತೆ ಬೊಬ್ಬೆ ಹಾಕಲಿಲ್ಲ. ಹಾಕಲು ಗಂಟಲೆಲ್ಲಿ ಉಂಟು?

ಮರುದಿನವೇ ಪೇಟೆಗೆ ಓಡಿದೆವು. ಮೊಗ್ರಾಲಿನ ಅಳಿವೆಯ ದೋಣಿಯಂತೆ ಮುಳ್ಳು ಏರಿತು, ಇಳಿಯಿತು. ರಾಣಿ ಎಮ್ಮೆಯ ಹಾಗೆ ನರಳಿದಳು. ಪೊರ್ಬುಗಳು ತಲೆ ಕೆರೆದುಕೊಂಡು, “ಹೆದರಬೇಡಿ ಬಾಯೀ, ಭಾರ ಹೇರಿದರೆ ಸರಿಯಾಗುತ್ತದೆ,” ಎಂದು ಅದರ ಮೇಲೆ ಹಂಚು ಪೇರಿಸಿದರು. ಪಾಪ, ಅವರ ಹತ್ತಿರ ಇದ್ದದ್ದು ಹಂಚು ತಾನೆ! ನಾಲ್ಕನೆಯ ಹಂಚಿಗೆ ಪ್ಲೇಟು ಎರಡು ಹೋಳಾಯಿತು.

ಮನೆಗೆ ಸೂತಕ ಬಂತು. ಅತ್ತೆ ಖಾಲಿ ಪೆಟ್ಟಿಗೆಯ ಎದುರು ಕೂತವಳು ಏಳಲಿಲ್ಲ. ಬಡಿಸಿದ ಗಂಜಿ ಆರಿ ಕೆನೆಕಟ್ಟುತ್ತಿತ್ತು. “ಯಾರು ಹೋದದ್ದು?” ಎಂದು ಕೇಳಿದ ನೆಂಟರಿಗೆ ಎಂತ ಹೇಳುವುದು? ಅಪ್ಪ ಕೆಮ್ಮುತ್ತಿದ್ದ. ಅಮ್ಮ ಆ ವರ್ಷದ ಹಪ್ಪಳವನ್ನಷ್ಟೂ ದನಕ್ಕೆ ಹಾಕಿದಳು.

ಎಂಟನೆಯ ದಿನ ಬೆಳಿಗ್ಗೆ ಅರೆಯುವ ಕಲ್ಲಿನ ಹತ್ತಿರ ಒಂದು ಶಬ್ದ ಕೇಳಿಸಿತು. ಅಮ್ಮ ಹಾಡುತ್ತಿದ್ದಳು! ಜನ್ಮದಲ್ಲಿ ಹಾಡಿದವಳಲ್ಲ. ನಿಜ ಹೇಳಬೇಕೆಂದರೆ ಕಲ್ಲಿನ ಸ್ವರವೇ ವಾಸಿ. ಆದರೆ ಹಾಡು ಅದೇ. ಒಂದು ಮಾತೂ ತಪ್ಪಿರಲಿಲ್ಲ.

ಅತ್ತೆ ಎದ್ದು ಬಂದು ಬಾಗಿಲಲ್ಲಿ ನಿಂತಳು. ಅಮ್ಮ ತಲೆ ಎತ್ತಲಿಲ್ಲ.

“ಹೀಗೇ ಅಲ್ಲವಾ ಅದು? ಒಂಬತ್ತು ವರ್ಷ ಕೇಳಿದ್ದೇನೆ.”

ಅತ್ತೆ, “ಅಲ್ಲಿ ಉಸಿರು ತೆಗೆಯಬೇಡಿ ಅತ್ತಿಗೆ. ಇನ್ನೂ ಮೇಲೆ ಹೋಗಬೇಕು,” ಎಂದಳು.

“ಎಷ್ಟು ಮೇಲೆ?”

ಹಾಡಿ ತೋರಿಸುವ ಹಾಗಿರಲಿಲ್ಲ. ಅತ್ತೆ ಕೈ ಎತ್ತಿ ತೋರಿಸಿದಳು. ಅಮ್ಮನ ಸ್ವರ ಅಲ್ಲಿಗೆ ಆ ದಿನವೂ ಮುಟ್ಟಲಿಲ್ಲ, ಆಮೇಲೆ ಯಾವ ದಿನವೂ ಮುಟ್ಟಲಿಲ್ಲ. ಅಮ್ಮ ಹಾಡಿ ಮುಗಿಸುವವರೆಗೆ ಅತ್ತೆ ಮಾತ್ರ ಎತ್ತಿದ ಕೈ ಇಳಿಸುತ್ತಿರಲಿಲ್ಲ.