ಸರಾಸರಿ ಬಿಸಿಲು, ನಮ್ಮ ಬಾಲ್ಕನಿ

ಬೇರೆಯವರ ಉದ್ಯೋಗವನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದು. ನನ್ನದನ್ನು ಹೇಳಹೊರಟರೆ ಕೇಳುವವರ ಮುಖದಲ್ಲಿ ಮೊದಲು ಗೌರವ, ಆಮೇಲೆ ಅನುಮಾನ, ಕೊನೆಗೆ ಅನುಕಂಪ ಕಾಣಿಸಿಕೊಳ್ಳುತ್ತದೆ. ನಾನು ಬಿಸಿಲು ಅಳೆಯುತ್ತಿದ್ದೆ, ಅದೂ ಕತ್ತಲೆ ಕೋಣೆಯಲ್ಲಿ ಕೂತು. ಮದರಾಸಿನ ನುಂಗಂಬಾಕ್ಕಂನಲ್ಲಿದ್ದ ನಮ್ಮ ಕಚೇರಿಯ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹಾಕಿದ್ದರು, ಕಂಪ್ಯೂಟರಿನ ಮೇಲೆ ಹೊಳಪು ಬೀಳಬಾರದೆಂದು. ಉಪಗ್ರಹ ತೆಗೆದ ಚಿತ್ರದಲ್ಲಿ ಮೋಡ ಎಷ್ಟು ಬೆಳ್ಳಗೆ ಹೊಳೆಯುತ್ತದೋ ಅಷ್ಟು ಬಿಸಿಲು ಕೆಳಗೆ ಇಳಿದಿಲ್ಲ ಎಂದು ಲೆಕ್ಕ. ಇಳಿದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಎಲೆಗಳ ಅಡುಗೆಗೆ ಒದಗುತ್ತದೆ. ಉಳಿದದ್ದು ಬರೀ ಸೆಕೆ. ಆ ಅರ್ಧವನ್ನು ಅಂದಾಜು ಮಾಡಿ ನಕ್ಷೆಯ ಚೌಕಗಳಿಗೆ ಬಣ್ಣ ತುಂಬುವುದಕ್ಕೆ ನನಗೆ ಸಂಬಳ. ನಮ್ಮ ಒಂದು ಚೌಕದೊಳಗೆ ಎಣ್ಣೂರಿನ ಹೊಗೆ, ಮಾಧವರಂನ ಡೈರಿ, ನಾವಿದ್ದ ಬೀದಿ, ಒಂದು ತುಂಡು ಸಮುದ್ರ, ಎಲ್ಲವೂ ಒಂದೇ ಹಳದಿಯಲ್ಲಿ ಸುಖವಾಗಿದ್ದವು.

ನಾನು ಹೇಳಬೇಕೆಂದಿರುವುದು ಎರಡು ಸಾವಿರದ ಇಸವಿಯ ಆಚೀಚಿನ ಸಂಗತಿ. ಆಚೆಯೋ ಈಚೆಯೋ ಎಂದು ಒತ್ತಿ ಕೇಳಬೇಡಿ. ನೆನಪು ಎಲ್ಲವನ್ನೂ ಇಸ್ತ್ರಿ ಹಾಕಿ ಮಡಿಸಿಡುತ್ತದೆ. ಬಟ್ಟೆ ನನ್ನದೇ, ಮಡಿಕೆ ಯಾರದೋ. ನನ್ನ ಹೆಂಡತಿ ಶಾರದೆ ತಾಯಿಯ ತಿಥಿ ಮುಗಿಸಿಕೊಂಡು ನಂಜನಗೂಡಿನಿಂದ ಬಂದಾಗ ಚೀಲದಲ್ಲಿ ಒಂದು ಮಲ್ಲಿಗೆ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಅತ್ತೆ ಬೆಳೆಸಿದ ಗಿಡದ್ದು. ಸ್ವಲ್ಪ ದಿನಕ್ಕೇ ಅವಳ ಅಣ್ಣಂದಿರು ಸ್ಕೂಟರ್ ನಿಲ್ಲಿಸಲು ಹಿತ್ತಲಿಗೆಲ್ಲ ಸಿಮೆಂಟು ಬಳಿಸಿದರು. ಹಾಗಾಗಿ ಅತ್ತೆಯದೆಂದು ಜೀವಂತವಾಗಿ ಉಳಿದದ್ದು, ಶಾರದೆಯ ಪ್ರಕಾರ, ನಮ್ಮ ಬಾಲ್ಕನಿಯ ಆ ಕುಂಡವೊಂದೇ. ಅಣ್ಣಂದಿರನ್ನು ಅವಳು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕಡ್ಡಿ ಚಿಗುರಿತು, ಗಿಡವಾಯಿತು, ಆಮೇಲೆ ನಿಂತುಹೋಯಿತು. ಮೊಗ್ಗಿಲ್ಲ. ಎಲೆ ಹಳದಿ. ಎದುರಿನ ಅಪಾರ್ಟ್‌ಮೆಂಟು ಮೊದಲೇ ಎದ್ದಿತ್ತೋ ಆಮೇಲೆ ಎದ್ದಿತೋ ಹೇಳಲಾರೆ. ಗಿಡ ಸೊರಗುವ ಹೊತ್ತಿಗಂತೂ ನಮ್ಮ ಪಾಲಿನ ಆಕಾಶವನ್ನು ಅದು ತಿಂದು ಮುಗಿಸಿತ್ತು.

“ರೀ, ಗಿಡಕ್ಕೆ ಬಿಸಿಲು ಸಾಲ್ತಿಲ್ಲ ಅನ್ಸುತ್ತೆ” ಎಂದಳು ಶಾರದೆ.

“ಸಾಧ್ಯವೇ ಇಲ್ಲ. ಈ ತಿಂಗಳು ಮದ್ರಾಸಲ್ಲಿ ಬಿಸಿಲು ಬೇಕಾದಷ್ಟಿದೆ. ನಾನೇ ಲೆಕ್ಕ ಹಾಕಿದೀನಿ.”

“ಮದ್ರಾಸಲ್ಲಿ ಇದೆ ಕಣ್ರೀ. ಬಾಲ್ಕನೀಲಿ ಇಲ್ಲ.”

“ನೀರು ಜಾಸ್ತಿ ಹಾಕ್ತಿದೀಯ. ಕಮ್ಮಿ ಮಾಡು.”

ಅವಳು ನೀರು ಕಮ್ಮಿ ಮಾಡಿದಳು. ಗಿಡವೂ ಕಮ್ಮಿಯಾಯಿತು. ಶಾಸ್ತ್ರೀಯವಾಗಿ ಸಮಾಧಾನ ಹೇಳೋಣವೆಂದು ಒಂದು ಶನಿವಾರ ಕಚೇರಿಯಿಂದ ಮಾಪಕವೊಂದನ್ನು ಕೇಳಿ ತಂದೆ. ಎಲೆಗೆ ಬೇಕಾದ ಬೆಳಕನ್ನಷ್ಟೇ ಗುರುತಿಸುವ, ಬಿಳಿ ಕಣ್ಣಿನ ಪುಟ್ಟ ಉಪಕರಣ. ಉಪಗ್ರಹ ಆಕಾಶದಿಂದ ಹೇಳಿದ್ದು ನಿಜವೇ ಎಂದು ನೆಲದಲ್ಲಿ ನಿಂತು ತಾಳೆ ನೋಡಲು ಅಂಥವನ್ನು ಊರಿನ ಕೆಲವು ತಾರಸಿಗಳ ಮೇಲೆ ಇಟ್ಟಿದ್ದೆವು. ನೆಲದ ಅಳತೆಯೊಂದು ಅಕ್ಕಪಕ್ಕದವಕ್ಕೂ ಉಪಗ್ರಹಕ್ಕೂ ಹೊಂದದೆ ತೀರ ಕೆಳಗಿದ್ದರೆ ‘ನೆರಳು ಬಿದ್ದದ್ದು’ ಎಂದು ಗುರುತು ಹಾಕಿ ಅದನ್ನು ತೆಗೆದುಬಿಡುವುದು ನಮ್ಮ ರೂಢಿ. ಒಳ್ಳೆಯ ರೂಢಿಯೇ. ಇಲ್ಲದಿದ್ದರೆ ಒಂದು ತೆಂಗಿನ ಗರಿ ಇಡೀ ತಮಿಳುನಾಡಿಗೆ ಮೋಡ ಕವಿಸಿಬಿಡುತ್ತದೆ.

ನಡುಮಧ್ಯಾಹ್ನ ಮಾಪಕವನ್ನು ಕುಂಡದ ಪಕ್ಕ ಇಟ್ಟೆ. ಅದು ತೋರಿಸಿದ ಅಂಕಿ ಮುಸ್ಸಂಜೆಯಲ್ಲಿ ಬರುವಂಥದ್ದು. ಒರೆಸಿ ಇಟ್ಟೆ, ತಿರುಗಿಸಿ ಇಟ್ಟೆ, ತಟ್ಟಿಯೂ ನೋಡಿದೆ.

“ಏನನ್ನುತ್ತೆ?” ಎಂದಳು ಶಾರದೆ, ಡಾಕ್ಟರನ್ನು ಕೇಳುವ ಧ್ವನಿಯಲ್ಲಿ.

“ಈ ಅಳತೆ ಹಿಡಿಯೋಕಾಗಲ್ಲ.”

“ಯಾಕೆ?”

“ನೆರಳು ಬಿದ್ದಿದೆ.”

“ಅದನ್ನೇ ಅಲ್ವಾ ನಾನು ಇಷ್ಟು ದಿನದಿಂದ ಬಡ್ಕೊಳ್ತಿರೋದು?”

“ಹಾಗಲ್ಲ ಶಾರದಾ, ಇದು ತಪ್ಪು ಅಳತೆ. ನಾವು ಇಂಥದನ್ನ ಬಿಟ್ಬಿಡ್ತೀವಿ.”

ಅವಳು ಗಿಡವನ್ನು ನೋಡಿ ನಿಧಾನವಾಗಿ ಹೇಳಿದಳು: “ಆ ತಪ್ಪು ಅಳತೇಲೇ ಗಿಡ ಇರೋದು. ನಾನೂ ಅದರಲ್ಲೇ ಇದೀನಿ.”

ಇದಕ್ಕೆ ನಾನು ಏನೋ ಉತ್ತರ ಕೊಟ್ಟೆ. ಏನೆಂದು ನೆನಪಿಲ್ಲ, ಸರಾಸರಿ ಎಂಬ ಮಾತು ಅದರಲ್ಲಿ ಖಂಡಿತ ಇತ್ತು. ಅಂದಿನಿಂದ ಅವಳು ಗಿಡದ ಮಾತೆತ್ತಲಿಲ್ಲ. ಬೆಳಿಗ್ಗೆ ಉದುರಿದ ಎಲೆಗಳನ್ನು ಆರಿಸಿ ಕುಂಡದೊಳಕ್ಕೇ ಹಾಕುತ್ತಿದ್ದಳು. ಜಗಳವಾಡುವ ಹೆಂಡತಿಯ ಬಗ್ಗೆ ಬರೆದು ಜನರನ್ನು ನಗಿಸಬಹುದು. ಸುಮ್ಮನಾದ ಹೆಂಡತಿಯ ಬಗ್ಗೆ ಏನು ಬರೆಯುವುದು?

ಆ ಸಮಯಕ್ಕೆ ಶಾರದೆಯ ದೊಡ್ಡಮ್ಮನ ಮಗಳು ಪದ್ಮಕ್ಕ ಮಾಧವರಂನಿಂದ ಬಂದರು. ಬ್ಯಾಂಕಿನಲ್ಲಿದ್ದವರು, ಮದುವೆಯಾದಾಗಿನಿಂದ ಮದರಾಸಿನಲ್ಲೇ ಇದ್ದು ಕನ್ನಡವನ್ನು ತಮಿಳಿನಲ್ಲಿ ನೆನೆಸಿಟ್ಟವರು. ನನ್ನನ್ನು ತಮಾಷೆಗೆ ‘ಸಾರ್’ ಎನ್ನುತ್ತಿದ್ದರು. ಬಾಲ್ಕನಿಗೆ ಹೋದವರು ಅಲ್ಲಿಂದಲೇ ಕೂಗಿದರು: “ಏನ್ ಸಾರ್ ಇದು! ವೆಯಿಲೇ ಇಲ್ದೆ ಪೂ ಹೆಂಗ್ ಬರತ್ತೆ? ಪಾವಂ, ಗಿಡ ಎಷ್ಟು ಇಳೈಚ್ಚಿದೆ, ಸೊರಗಿಹೋಗಿದೆ ನೋಡಿ. ಶಾರೂ, ಎತ್ತು ಕುಂಡ. ನಮ್ಮ ಮೊಟ್ಟೆಮಾಡೀಲಿ, ತಾರಸೀಲಿ, ಬೇಕಾದಷ್ಟು ವೆಯಿಲ್ ಇದೆ, ಶುಮ್ಮನೆ ಹಪ್ಪಳ ಒಣಗಿಸ್ತಿದೀನಿ.”

ಕುಂಡ ಆಟೋ ಹತ್ತಿದಾಗ ಶಾರದೆ ಅತ್ತಳು ಎಂದು ಬರೆಯಲು ಕೈ ತುಡಿಯುತ್ತದೆ. ಅಳಲಿಲ್ಲ. ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ತಾನೂ ಹೊರಟಳು. ಅದಾದ ಮೇಲೆ ಭಾನುವಾರ ಬಂದರೆ ಮಾಧವರಂ ಬಸ್ಸು. ಗಿಡ ಹೇಗಿದೆ ಎಂದು ನಾನು ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ. ಕಚೇರಿಯಲ್ಲಿ ಆ ವರ್ಷ ನಮ್ಮ ಅಂದಾಜು ನೆಲದ ಅಳತೆಗೆ ಬಹಳ ಚೆನ್ನಾಗಿ ಹೊಂದಿತೆಂದು ನನ್ನ ಬೆನ್ನು ತಟ್ಟಿದರು. ಹೊಂದದ್ದನ್ನೆಲ್ಲ ತೆಗೆದಿದ್ದೆವಲ್ಲ.

ಒಂದು ಭಾನುವಾರ, ಯಾಕೋ, “ನೀವೂ ಬನ್ನಿ” ಎಂದಳು. ಹೋದೆ. ಪದ್ಮಕ್ಕನ ತಾರಸಿಯಲ್ಲಿ, ಹಪ್ಪಳ ಹರಡಿದ ಸೀರೆಯ ಪಕ್ಕದಲ್ಲಿ, ಗಿಡ ಬದುಕಿತ್ತು. ಹೊಸ ಎಲೆ, ಅಲ್ಲಲ್ಲಿ ಮೊಗ್ಗು. ಶಾರದೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕುತ್ತಿದ್ದಳು. ನಾನು ಬಗ್ಗಿ ನಿಂತು, ಇಲ್ಲಿಗೂ ನಮ್ಮ ಬಾಲ್ಕನಿಗೂ ಇರುವ ವ್ಯತ್ಯಾಸವನ್ನು ವಿವರಿಸಲು ಗಂಟಲು ಸರಿಮಾಡಿಕೊಂಡೆ.

“ಸಾರ್, ಕೊಂಚ ಆ ಕಡೆ ನಿಲ್ಲಿ. ನಿಮ್ಮ ನೆರಳು ಗಿಡದ ಮೇಲೇನೇ ಇದೆ” ಎಂದರು ಪದ್ಮಕ್ಕ.

ಸರಿದೆ. ಸಂಜೆಯ ಬಿಸಿಲು, ನೆರಳು ಉದ್ದಕ್ಕೆ ಬೆಳೆದಿತ್ತು.

“ಇನ್ನೂ ಇದೆ ಕಣ್ರೀ” ಎಂದಳು ಶಾರದೆ, ತಲೆಯೆತ್ತದೆ.

ಮತ್ತೆ ಸರಿದೆ. ತಲೆಯ ನೆರಳು ಮೊಗ್ಗಿನ ಮೇಲೆ ಹೋಗಿ ಕೂತಿತು. ಬೇರೆ ದಾರಿ ಕಾಣದೆ ಮೆಟ್ಟಿಲಿಳಿದೆ. ಅರ್ಧ ಇಳಿದಿದ್ದೆನೋ ಇಲ್ಲವೋ, ಮೇಲೆ ಇಬ್ಬರೂ ನಕ್ಕದ್ದು ಕೇಳಿಸಿತು. ಶಾರದೆಯ ನಗು ಪದ್ಮಕ್ಕನ ನಗುವಿಗಿಂತ ಒಂದು ಕ್ಷಣ ಹೆಚ್ಚೇ ಉಳಿಯಿತು. ಏನು ಮಾತಿಗೆ ನಕ್ಕರೆಂದು ತಿಳಿಯುವ ಆಸೆ ಇತ್ತು. ಆದರೆ ಹತ್ತಿ ಹೋದರೆ ನಗು ನಿಂತುಬಿಡಬಹುದೆಂದು ಅಲ್ಲೇ ಮೆಟ್ಟಿಲ ಮೇಲೆ ಕೂತೆ.