ಜೀಪಣ್ಣನ ಫೋರ್ ವೀಲ್

ಜೀಪಿನ ಬಾಗಿಲಿನ ಹಿಡಿ ಕೈಗೇ ಕಿತ್ತು ಬಂದದ್ದು ಅಷ್ಟೇನೂ ದೊಡ್ಡ ವಿಷಯವಾಗಿರಲಿಲ್ಲ. ಅದಕ್ಕೆ ಮೊದಲು ಹಾರ್ನ್ ಬಂದಿತ್ತು, ವೈಪರ್ ಬಂದಿತ್ತು, ಒಮ್ಮೆ ಸೀಟೂ ಬಂದಿತ್ತು. ಆದರೆ ಆ ಭಾನುವಾರ ಬೆಳಿಗ್ಗೆ ಜೀಪಣ್ಣ ಹಿಡಿಯನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದಾಗ, ಹೆಂಡತಿ ಒಲೆಯ ಕಡೆಯಿಂದ ತಿರುಗಿಯೂ ನೋಡದೆ ಹೇಳಿದಳು:

"ಹೀಗೇ ಸ್ವಲ್ಪಸ್ವಲ್ಪವಾಗಿ ಒಳಗೆ ತಂದಿಡ್ತಾ ಇರಿ. ಪೂರ್ತಿ ಬಂದ್ಮೇಲೆ ಹೊರಗಡೆ ಜಾಗ ಆಗತ್ತೆ."

ಜೀಪಣ್ಣನ ನಿಜವಾದ ಹೆಸರು ಬೀದಿಯವರಿಗೆ ಮರೆತೇಹೋಗಿತ್ತು. ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವುದು ಅವನ ಕೆಲಸ. ಹಗಲೆಲ್ಲ ಕಾಗದದ ಮೇಲೆ ಗುಡ್ಡ, ಕಣಿವೆ, ಹಳ್ಳ ಬರೆದೂ ಬರೆದೂ, ಒಂದು ದಿನವಾದರೂ ಅವನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಹುಟ್ಟಿ, ಕಚೇರಿಯವರು ಹರಾಜಿಗಿಟ್ಟ ಫೋರ್ ವೀಲ್ ಜೀಪನ್ನು ಕೊಂಡಿದ್ದ. ಆಗಲೇ ಅದಕ್ಕೆ ವಯಸ್ಸಾಗಿತ್ತು. ಅಂದಿನಿಂದ ಇಂದಿನವರೆಗೆ ಅದು ಡಾಂಬರು ಬಿಟ್ಟು ಕೆಳಗಿಳಿದಿರಲಿಲ್ಲ. ಮಾಮೂಲಿ ಗೇರಿನ ಪಕ್ಕದಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಎರಡನೇ ಕೋಲು ಒಂದಿತ್ತಲ್ಲ, ಅದನ್ನು ಮುಟ್ಟಿದರೆ ಏನಾದೀತೋ ಎಂಬ ಭಯಕ್ಕೆ ಅವನು ಅದಕ್ಕೆ ಊಟದ ಚೀಲ ನೇತುಹಾಕುತ್ತಿದ್ದ.

ಈಗ ಅದನ್ನು ಕೊಳ್ಳುವವರೊಬ್ಬರು ಸಿಕ್ಕಿದ್ದರು. ಊರಾಚೆ ಕೋಳಿ ಫಾರಂ ಇಟ್ಟವರು. ಹತ್ತು ಗಂಟೆಗೆ ಬರುತ್ತೇನೆ ಎಂದಿದ್ದರು. ಜೀಪು ಹೋದರೆ ಅದರ ಜಾಗಕ್ಕೆ ತಿಳಿನೀಲಿ ಬಣ್ಣದ ಪುಟ್ಟ ಕಾರು ಬರುವುದೆಂದು ಜೀಪಣ್ಣ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದ. ಶೋರೂಮಿನಲ್ಲಿ ಅದರ ಬಾಗಿಲನ್ನು ಹಾಕಿ ತೆಗೆದು ನೋಡಿದ್ದ. 'ಟಪ್' ಎಂದು ಎಷ್ಟು ಮರ್ಯಾದಸ್ಥ ಸದ್ದು! ಆ ಸದ್ದು ರಾತ್ರಿ ನಿದ್ದೆಯಲ್ಲೂ ಕೇಳುತ್ತಿತ್ತು. ಆದರೆ ಬೀದಿಯವರು? ಇಷ್ಟು ವರ್ಷ ಅವರ ಕಷ್ಟಸುಖಕ್ಕೆ ಒದಗಿದ ಗಾಡಿಯನ್ನು ಅವರನ್ನು ಒಂದು ಮಾತೂ ಕೇಳದೆ ಮಾರುವುದೇ? ಜೀಪಣ್ಣನಿಗೆ ಸಂಕೋಚವಾಯಿತು. ಹಿಡಿಯನ್ನು ಜೇಬಿಗಿಳಿಸಿ ಹೊರಟ.

"ಜೀಪ್ ಮಾರೋದಾ!" ಬೇಕರಿಯವರು ಮೈದಾಹಿಟ್ಟಿನ ಕೈಯನ್ನು ಹಾಗೇ ಎದೆಯ ಮೇಲಿಟ್ಟುಕೊಂಡರು. "ಅದೇನು ಗಾಡೀನಾ ಜೀಪಣ್ಣ? ನಮ್ಮನೆ ಮಗು ಇದ್ದ ಹಾಗೆ. ಬೆಳಿಗ್ಗೆ ಅದು ಕೆಮ್ಮೋ ಸದ್ದಿಗೇ ಅಲ್ವಾ ನಾವೆಲ್ಲ ಏಳೋದು?"

"ನಂಗೂ ಅದೇ ಕಷ್ಟ..."

"ಎಷ್ಟೊತ್ತಿಗೆ ಬರ್ತಾರಂತೆ ಅವ್ರು?"

"ಹತ್ತಕ್ಕೆ."

"ಬಂದೇ ಬರ್ತಾರಾ? ಒಂದ್ಸಲ ಫೋನ್ ಮಾಡಿ ಜ್ಞಾಪಿಸಿಬಿಡಿ. ಜನ ಮರೆತುಬಿಡ್ತಾರೆ."

ಟೈಲರ್ ತನ್ನ ಅಳತೆಪಟ್ಟಿಯಷ್ಟೇ ತೆಳ್ಳಗಿನ ಮನುಷ್ಯ. ಬಾಯಲ್ಲಿದ್ದ ಗುಂಡುಸೂಜಿಗಳನ್ನೆಲ್ಲ ತೆಗೆದಿಟ್ಟ ಮೇಲೆಯೇ ದುಃಖಪಟ್ಟ. "ಬೇಡಣ್ಣಾ. ನನ್ನ ಮಷೀನು ಈ ಬೀದಿಗೆ ಬಂದಿದ್ದೇ ಅದ್ರಲ್ಲಿ. ದಾರೀಲಿ ಎರಡು ಸಲ ಬಿತ್ತು, ಅದು ಬೇರೆ ಮಾತು. ಅಲ್ಲಾ, ಅವರು ಏರಲ್ಲಿ ಓಡಿಸಿ ನೋಡ್ತಾರಾ?"

"ನೋಡ್ದೇ ಇರ್ತಾರಾ? ಫೋರ್ ವೀಲ್ ಅಂತ ತಾನೇ ಬರ್ತಿರೋದು."

ಟೈಲರನ ಮುಖ ಗುಂಡಿ ಕಿತ್ತ ಅಂಗಿಯಂತೆ ಜೋತುಬಿತ್ತು. ಜೀಪಣ್ಣ ನಾಲ್ಕು ಹೆಜ್ಜೆ ಹೋಗುವುದರೊಳಗೆ ಹಿಂದೆ ಅಂಗಡಿಯ ಷಟರ್ ಎಳೆದ ಸದ್ದು ಕೇಳಿಸಿತು. ಪಾಪ, ಬೇಜಾರಿಗೆ ಅಂಗಡಿಯನ್ನೇ ಮುಚ್ಚಿಬಿಟ್ಟನಲ್ಲ ಎಂದು ಅವನು ಮರುಗಿದ.

ನಿವೃತ್ತ ಪಿ.ಟಿ. ಮೇಷ್ಟ್ರು ಗೇಟಿನ ಬಳಿ ಬಸ್ಕಿ ಹೊಡೆಯುತ್ತಿದ್ದರು. ಅರ್ಧಕ್ಕೇ ನಿಲ್ಲಿಸಿ, "ಆ ಜೀಪಿಲ್ದೆ ಈ ಬೀದಿ ಒಂದು ಬೀದೀನಾ?" ಎಂದರು. "ಆದ್ರೂ ತೋರ್ಸಿ. ತೋರ್ಸೋದ್ರಲ್ಲಿ ತಪ್ಪೇನು? ಬಂದೋರಿಗೆ ಇಲ್ಲ ಅನ್ನೋದು ಸೌಜನ್ಯ ಅಲ್ಲ. ಚೆನ್ನಾಗಿ ತೊಳೆದು ತೋರ್ಸಿ."

ಜೀಪಣ್ಣ ಹೋಗುವಾಗ ಇದ್ದುದಕ್ಕಿಂತ ಹೆಚ್ಚು ಗೊಂದಲ ಹೊತ್ತು ಮನೆಗೆ ಬಂದ. "ಒಬ್ರಾದ್ರೂ ಮಾರು ಅನ್ಲಿಲ್ಲ ಕಣೇ. ಎಲ್ರಿಗೂ ಕಣ್ಣಲ್ಲಿ ನೀರು. ನೀನೇನಂತೀಯಾ?"

"ನಿಮ್ಮಿಷ್ಟ," ಎಂದಳು ಹೆಂಡತಿ.

ಆ ಮನೆಯಲ್ಲಿ 'ನಿಮ್ಮಿಷ್ಟ' ಎಂಬ ಪದಕ್ಕೆ ನಿಘಂಟಿನಲ್ಲಿ ಇರುವುದಕ್ಕಿಂತ ಹೆಚ್ಚು ಅರ್ಥಗಳಿದ್ದವು. ಇದು ಯಾವುದೆಂದು ಜೀಪಣ್ಣ ಯೋಚಿಸುತ್ತಿರುವಾಗಲೇ ಹೊರಗೆ ಯಾರೋ ಬಾಗಿಲು ತಟ್ಟಿದರು. ಹೆಂಡತಿ ಚೀಲ ತೆಗೆದುಕೊಂಡು, "ನಾನು ಅಂಗಡಿಗೆ ಹೋಗ್ಬರ್ತೀನಿ ರೀ, ನೀವು ತೋರಿಸ್ತಿರಿ," ಎಂದು ಹಿತ್ತಲ ಬಾಗಿಲಿನಿಂದ ಸರಸರನೆ ನಡೆದಳು.

ಕೋಳಿ ಫಾರಮ್ಮಿನವರು ದುಂಡಗಿನ, ಮೃದುಮಾತಿನ ಮನುಷ್ಯ. ಜೀಪಿನ ಸುತ್ತ ಒಂದು ಸುತ್ತು ಬಂದು ಕೇಳಿದರು, "ಬ್ರೇಕ್ ಹೇಗಿದೆ ಸಾರ್?"

"ಇದೆ. ಆದ್ರೆ ಸ್ವಲ್ಪ ಮುಂಚಿತವಾಗಿ ಹೇಳ್ಬೇಕಾಗತ್ತೆ."

"ಎಣ್ಣೆ ಸೋರತ್ತಾ?"

"ಇಲ್ಲ." ಜೀಪಣ್ಣನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಅಂದ್ರೆ, ಹಾಕಿದ್ರೆ ಸೋರತ್ತೆ."

"ಬಾಗಿಲ ಹಿಡಿ?"

ಜೀಪಣ್ಣ ಜೇಬಿನಿಂದ ತೆಗೆದು ತೋರಿಸಿದ. ಕೋಳಿ ಫಾರಮ್ಮಿನವರು ಅದನ್ನು ಕೈಯಲ್ಲಿ ಹಿಡಿದು ಹಿಂದೆಮುಂದೆ ನೋಡಿ, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿ ಹಿಂದಕ್ಕೆ ಕೊಟ್ಟರು. "ಫೋರ್ ವೀಲ್ ಕೆಲಸ ಮಾಡತ್ತಲ್ವಾ? ನಂಗೆ ಅದೊಂದು ಮುಖ್ಯ. ನಮ್ಮ ಫಾರಂ ದಾರಿ ಬರೀ ಏರು."

"ನಿಜ ಹೇಳ್ಬೇಕು ಅಂದ್ರೆ, ನಾನು ಇನ್ನೂ ಹಾಕಿ ನೋಡಿಲ್ಲ."

ಸರಿ, ನೋಡಿಯೇ ಬಿಡೋಣ ಎಂದು ಇಬ್ಬರೂ ಹತ್ತಿದರು. ಜೀಪು ಮೊದಲ ಸಲಕ್ಕೆ ಸೀನಿತು, ಎರಡನೇ ಸಲಕ್ಕೆ ಅತ್ತಿತು, ಮೂರನೇ ಸಲಕ್ಕೆ ಬೀದಿಗೆಲ್ಲ ಕರಿಹೊಗೆಯ ಪರದೆ ಎಳೆದು ಹೊರಟಿತು. ಬೀದಿಯ ತುದಿಯಿಂದ ನೀರಿನ ಟ್ಯಾಂಕಿನವರೆಗೆ ಕಡಿದಾದ ಏರು. ಅರ್ಧ ಹತ್ತಿದ ಮೇಲೆ ಕೋಳಿ ಫಾರಮ್ಮಿನವರು ಕೈಯೆತ್ತಿದರು.

"ಇಲ್ಲಿ ನಿಲ್ಸಿ ಸಾರ್. ನಿಂತಲ್ಲಿಂದ ಹತ್ತಬೇಕು, ಅದೇ ಪರೀಕ್ಷೆ."

ಜೀಪಣ್ಣ ನಿಲ್ಲಿಸಿದ. ಅವನ ಕಡೆಯ ಕನ್ನಡಿಯನ್ನು ತಂತಿಯಿಂದ ಕಟ್ಟಿದ್ದರಿಂದ ಅದರಲ್ಲಿ ಬರಿಯ ಆಕಾಶ ಕಾಣುತ್ತಿತ್ತು. ಹಿಂದಿನ ಕ್ಯಾನ್ವಾಸಿನ ಕಿಟಕಿ ಹಳದಿಗಟ್ಟಿ ಕುರುಡಾಗಿತ್ತು. ಅವನು ಊಟದ ಚೀಲವನ್ನು ಬಿಚ್ಚಿಟ್ಟು, ಆ ಎರಡನೇ ಕೋಲನ್ನು ಹಾವು ಹಿಡಿಯುವವನಂತೆ ಹಿಡಿದು, ಕಣ್ಣು ಮುಚ್ಚಿ ಎಳೆದ. ಕೆಳಗೆಲ್ಲೋ 'ಢಣ್' ಎಂದಿತು. ಕ್ಲಚ್ಚು ಬಿಟ್ಟ.

ಜೀಪು ಒಂದು ಗಳಿಗೆ ನಿಂತಲ್ಲೇ ನಡುಗಿತು. ಆಮೇಲೆ, ಯಾರೋ ಬೆನ್ನು ಸವರಿ ಧೈರ್ಯ ಹೇಳಿದಂತೆ, ಮೇಲಕ್ಕೆ ಹೊರಟಿತು! ನಿಧಾನವಾಗಿ, ಆದರೆ ನಿಲ್ಲದೆ. ಏರು ಮುಗಿಯುತ್ತ ಬಂದಂತೆ ಇನ್ನೂ ಜೋರಾಗಿ. ಜೀಪಣ್ಣನಿಗೆ ರೋಮಾಂಚನವಾಯಿತು. ಇಷ್ಟು ವರ್ಷ ಇಂಥ ಶಕ್ತಿಯನ್ನು ಊಟದ ಚೀಲ ಹೊರಲು ಬಿಟ್ಟಿದ್ದೆನಲ್ಲ!

ಪಕ್ಕದಲ್ಲಿ ಕೋಳಿ ಫಾರಮ್ಮಿನವರು ತಮ್ಮ ಕಡೆಯ ಕನ್ನಡಿ ನೋಡುತ್ತ ಕುಳಿತಿದ್ದರು. ಒಂದೆರಡು ಸಲ ಏನೋ ಹೇಳಲು ಬಾಯಿ ತೆರೆದರು. ಮತ್ತೆ ಮುಚ್ಚಿದರು.

ಟ್ಯಾಂಕಿನ ಹತ್ತಿರ ನಿಂತಾಗ ಜೀಪಣ್ಣನ ಕಣ್ಣು ತುಂಬಿತ್ತು. ಸ್ಟೀರಿಂಗನ್ನು ಮೆಲ್ಲಗೆ ನೇವರಿಸುತ್ತಿದ್ದ.

"ಭಾರೀ ಶಕ್ತಿ ಇದೆ ಸಾರ್," ಎಂದರು ಕೋಳಿ ಫಾರಮ್ಮಿನವರು ಇನ್ನೊಮ್ಮೆ ಕನ್ನಡಿ ನೋಡಿ. "ಹಾಗಾದ್ರೆ... ಬಿಡ್ತೀರಾ?"

"ಬಿಡ್ತೀನಿ!" ಎಂದ ಜೀಪಣ್ಣ. "ನಾನೇ ಬಿಡ್ತೀನಿ! ಕೈಕಾಲು ಗಟ್ಟಿ ಇರೋವರೆಗೂ ಈ ಗಾಡೀನ ನಾನೇ ಬಿಡ್ತೀನಿ! ಕ್ಷಮಿಸಿ ಸಾರ್, ನಿಮ್ಮನ್ನ ಸುಮ್ನೆ ಕರೆಸಿದ ಹಾಗಾಯ್ತು. ಇದನ್ನ ಕೊಡೋಕೆ ನಂಗೆ ಮನಸ್ಸಿಲ್ಲ."

ಬೇಜಾರು ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದ. ಅವರು ಎರಡೂ ಕೈಯಿಂದ ಅವನ ಕೈ ಕುಲುಕಿ, "ಒಳ್ಳೇ ನಿರ್ಧಾರ ಸಾರ್, ಬಹಳ ಒಳ್ಳೇ ನಿರ್ಧಾರ," ಎಂದು, ಕೆಳಗೆ ಬಿಡುತ್ತೇನೆಂದರೂ ಕೇಳದೆ, ಕಾಲಿಗೆ ಕಚ್ಚುವ ಚಪ್ಪಲಿ ಕಳಚಿಟ್ಟವರ ಹಾಗೆ ಹಗುರಾಗಿ ಇನ್ನೊಂದು ದಾರಿಯಲ್ಲಿ ಇಳಿದುಹೋದರು.

ಜೀಪಣ್ಣ ಇಳಿದು ಬರುವಾಗ ದಾರಿಯ ಬದಿಯ ಮೋರಿಕಟ್ಟೆಯ ಮೇಲೆ ಬೇಕರಿಯವರು, ಟೈಲರ್, ಪಿ.ಟಿ. ಮೇಷ್ಟ್ರು ಮೂವರೂ ಸಾಲಾಗಿ ಕುಳಿತಿದ್ದರು. ಬೇಕರಿಯವರ ಮುಖ ಅವರ ಒಲೆಯಂತೆಯೇ ಉರಿಯುತ್ತಿತ್ತು. ಟೈಲರ್ ಒಣಗಹಾಕಿದ ಬಟ್ಟೆಯಂತೆ ಕಟ್ಟೆಗೆ ಜೋತುಕೊಂಡಿದ್ದ.

"ಇದೇನು, ಎಲ್ರೂ ಇಲ್ಲಿ?"

"ವಾಯುವಿಹಾರ," ಎಂದು ಮೇಷ್ಟ್ರು ಏದುಸಿರಿನ ನಡುವೆ ಹೇಳಿದರು. "ಏನಾಯ್ತು? ಕೊಟ್ರಾ?"

"ಇಲ್ಲ! ಎಷ್ಟು ಕೊಟ್ರೂ ಕೊಡಲ್ಲ ಅಂದುಬಿಟ್ಟೆ!"

"ಅಯ್ಯೋ!" ಎಂದು ಚೀರಿದ ಟೈಲರ್. ಮೇಷ್ಟ್ರು ಅವನ ಪಕ್ಕೆಗೆ ತಿವಿದರು. "...ಅಯ್ಯೋ, ಎಂಥಾ ಒಳ್ಳೇ ಸುದ್ದಿ ಅಣ್ಣಾ!"

ಬೇಕರಿಯವರ ಕಣ್ಣಿನಿಂದ ಎರಡು ಹನಿ ಉದುರಿದವು. ನನ್ನ ಜೀಪನ್ನು ಇಷ್ಟೊಂದು ಹಚ್ಚಿಕೊಂಡಿದ್ದಾರೆ ಎಂದು ಜೀಪಣ್ಣ ಕರಗಿಹೋದ.

ಮನೆಯಲ್ಲಿ ಹೆಂಡತಿ ಭುಜಕ್ಕೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು. ಬೀರು ಸರಿಸಲು ಹೋಗಿ ಉಳುಕಿತಂತೆ. ಸುದ್ದಿ ಕೇಳಿ ಒದ್ದೆ ಬಟ್ಟೆಯನ್ನು ಮಗುಚಿ ಹಾಕಿಕೊಂಡಳು. "ನಿಮ್ಮಿಷ್ಟ," ಎಂದಳು. ಈ ಅರ್ಥವನ್ನು ಜೀಪಣ್ಣ ಇದುವರೆಗೆ ಕೇಳಿರಲಿಲ್ಲ.

ಸಂಜೆಯಾಗುವುದರೊಳಗೆ ಅವನ ಸಂತೋಷ ಮನೆಯಲ್ಲಿ ಹಿಡಿಸದಂತಾಯಿತು. ಟ್ಯಾಂಕಿನ ಹತ್ತಿರ ತಂಪುಗಾಳಿ ಚೆನ್ನಾಗಿರುತ್ತದೆ, ಎಲ್ಲರನ್ನೂ ಮೇಲಕ್ಕೆ ಕರೆದೊಯ್ಯುತ್ತೇನೆ ಎಂದು ಮನೆಮನೆಗೆ ಹೋಗಿ ಕರೆದ. ಬೇಕರಿಯವರಿಗೆ ಸೊಂಟ ನೋವಂತೆ. ಟೈಲರಿಗೆ ತಲೆ ಸುತ್ತಂತೆ. ಮೇಷ್ಟ್ರಿಗೆ ಮೊಣಕಾಲು.

"ನಡೀಬೇಕಾಗಿಲ್ಲ ಸ್ವಾಮೀ! ಸುಮ್ನೆ ಕೂತ್ಕೊಳ್ಳೋದು. ಫೋರ್ ವೀಲ್ ಹಾಕಿದ್ರೆ ಆನೆ ಇದ್ದ ಹಾಗೆ, ನೀವೇ ನೋಡಿ. ಸಂಕೋಚ ಮಾಡ್ಕೋಬೇಡಿ."

ಸಂಕೋಚಕ್ಕೇ ಮೂವರೂ ಬಂದು ಹಿಂದೆ ಕುಳಿತರು. ಹೆಂಡತಿ ಮುಂದೆ ಕುಳಿತಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಜೀಪಣ್ಣ ಮಾತ್ರ ನಾಲ್ಕು ಜನಕ್ಕಾಗುವಷ್ಟು ಮಾತಾಡಿದ. ಏರು ಅರ್ಧವಾಗುವ ಮೊದಲೇ ಜೀಪು ಉಸ್ಸೆಂದು ನಿಂತಿತು.

"ಗಾಬರಿಯಾಗ್ಬೇಡಿ," ಎಂದ ಜೀಪಣ್ಣ. ಕೋಲು ಎಳೆದ. ಢಣ್ ಎಂದಿತು. ಅಷ್ಟೇ. ಇನ್ನೊಮ್ಮೆ ಎಳೆದ. ಜೀಪು ಹಿಂದಕ್ಕೆ ಒಂದು ಗೇಣು ಜಾರಿತು.

"ಬೆಳಿಗ್ಗೆ ಹೀಗಿರ್ಲಿಲ್ಲ!" ಅವನ ಹಣೆಯಲ್ಲಿ ಬೆವರೊಡೆಯಿತು. "ಎಲ್ರೂ... ತಪ್ಪು ತಿಳ್ಕೋಬೇಡಿ... ಇಳಿದು ಒಂಚೂರು..."

ವಾಕ್ಯ ಮುಗಿಯುವ ಮೊದಲೇ ಎಲ್ಲರೂ ಇಳಿದಿದ್ದರು. ಯಾರು ಎಲ್ಲಿ ನಿಲ್ಲಬೇಕೆಂದು ತೋರಿಸೋಣವೆಂದು ಅವನು ಕಿಟಕಿಯಿಂದ ಹೊರಗೆ ತಲೆ ಹಾಕಿದ. ತೋರಿಸುವುದು ಏನೂ ಉಳಿದಿರಲಿಲ್ಲ. ಎಡ ಮೂಲೆಗೆ ಬೇಕರಿಯವರು ಭುಜ ಕೊಟ್ಟಿದ್ದರು, ಬಲ ಮೂಲೆಗೆ ಮೇಷ್ಟ್ರು. ಟೈಲರ್ ಬಂಪರಿನ ಕೆಳಗೆ ಬಗ್ಗಿದ್ದ. ನಡುವೆ ತೋಳು ಮಡಚಿ ನಿಂತ ಹೆಂಡತಿ ಜೋರು ದನಿಯಲ್ಲಿ ಅಪ್ಪಣೆ ಕೊಡುತ್ತಿದ್ದಳು:

"ಇವ್ರು ಕ್ಲಚ್ ಬಿಡೋವರೆಗೂ ಯಾರೂ ತಳ್ಳಬೇಡಿ. ಟೈಲರೇ, ನಿಮಗೇ ಹೇಳ್ತಿರೋದು! ಬೆಳಿಗ್ಗೆ ನೀವು ಮುಂಚೆ ತಳ್ಳಿದ್ದಕ್ಕೇ ನನ್ನ ಭುಜ ಹೋಗಿದ್ದು."

ಹಾಗೆಂದವಳೇ ತಲೆಯೆತ್ತಿದಳು. ಕಿಟಕಿಯಿಂದ ಗಂಡನ ತಲೆ ಹೊರಗಿತ್ತು.

ಜೀಪಣ್ಣ ಜೀಪಿಗೆ ಆನಿಸಿದ್ದ ಭುಜಗಳನ್ನು ಒಂದೊಂದಾಗಿ ನೋಡಿದ, ಆಮೇಲೆ ಹೆಂಡತಿಯ ಭುಜವನ್ನು.

"ಮಾರಿ ಅಂತ ಬಾಯಿಬಿಟ್ಟು ಹೇಳ್ಬಾರ್ದಿತ್ತಾ?" ಎಂದ ಜೀಪಣ್ಣ ಕೊನೆಗೆ.

"ನಿಮಗೆ ಬೇಜಾರಾಗತ್ತೆ ಅಂತ," ಎಂದರು ಬೇಕರಿಯವರು ಭುಜ ತೆಗೆಯದೆಯೇ. ತೆಗೆದರೆ ಜೀಪು ಅವರ ಮೇಲೇ ಬರುತ್ತಿತ್ತು. "ಹೇಳೋಕೆ ಸಂಕೋಚ ಆಯ್ತು ಜೀಪಣ್ಣ. ಆ ಸದ್ದಿಗೆ ನಾನು ನಿದ್ದೆ ಮಾಡಿ ಯಾವ ಕಾಲ ಆಯ್ತೋ."

"ನಿಮಗೆಲ್ಲ ಬೇಜಾರಾಗತ್ತೆ ಅಂತ ತಾನೇ ನಾನು ಇಷ್ಟು ವರ್ಷ ಇಟ್ಕೊಂಡಿದ್ದು!"

ಮೊದಲು ನಕ್ಕವಳು ಹೆಂಡತಿ. ಭುಜ ಹಿಡಿದುಕೊಂಡು ನಕ್ಕಳು. ಆಮೇಲೆ ಮೇಷ್ಟ್ರು, ಆಮೇಲೆ ಟೈಲರ್. ನಗುತ್ತ ತಳ್ಳಿದ್ದರಿಂದ ಜೀಪು ಅಂಕುಡೊಂಕಾಗಿ ಏರಿತು. ಆದರೆ ಏರಿತು. ಮೇಲೆ ತಂಪುಗಾಳಿ ನಿಜವಾಗಿಯೂ ಚೆನ್ನಾಗಿತ್ತು. ಎಲ್ಲರೂ ಸುತ್ತ ನಿಂತಿರುವಂತೆಯೇ ಜೀಪಣ್ಣ ಕೋಳಿ ಫಾರಮ್ಮಿನವರಿಗೆ ಫೋನು ಮಾಡಿದ. ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದ.

"ಸಾರ್, ನಾನು ಮನಸ್ಸು ಬದಲಾಯಿಸಿದೀನಿ. ಜೀಪು ನಿಮಗೇ. ಕೊಡೋಕೆ ಮುಂಚೆ ಒಂದು ಸತ್ಯ ಹೇಳ್ಬೇಕು. ಬೆಳಿಗ್ಗೆ ಅದು ತಾನಾಗೇ ಹತ್ತಿದ್ದಲ್ಲ..."

"ಗೊತ್ತು ಸಾರ್," ಎಂದಿತು ಫೋನು. "ನನ್ನ ಕಡೆ ಕನ್ನಡಿ ಚೆನ್ನಾಗಿತ್ತು. ನಾಲ್ಕು ಜನ ಅಷ್ಟು ಕಷ್ಟಪಟ್ಟು ತಳ್ತಿರುವಾಗ ಬೇಡ ಅನ್ನೋಕೆ ಸಂಕೋಚ ಆಯ್ತು. ನೀವು ಕೊಡಲ್ಲ ಅಂದ್ರಿ, ನಾನು ಬದುಕ್ಕೊಂಡೆ. ಆ ಗಾಡಿ ಮಾತ್ರ ಬೇಡ ಸಾರ್."

ಜೀಪಣ್ಣನ ಕನಸಿನ ತಿಳಿನೀಲಿ ಕಾರು ಕಣ್ಣೆದುರಿನಿಂದ ಸದ್ದಿಲ್ಲದೆ ಹಾದುಹೋಯಿತು.

"ಆದ್ರೆ ಸಾರ್," ಎಂದು ಫೋನು ಮುಂದುವರಿಸಿತು, "ಮಕ್ಕಳ ಸ್ಕೂಲಿಗೆ ಹತ್ತಿರ ಆಗ್ಲಿ ಅಂತ ನಾನೊಂದು ಬಾಡಿಗೆ ಮನೆ ಹುಡುಕ್ತಿದೀನಿ. ನಿಮ್ಮ ಬೀದೀಲಿ ಯಾವುದಾದ್ರೂ ಖಾಲಿ ಇದ್ರೆ ಹೇಳಿ. ಅಂಥಾ ನೆರೆಹೊರೆ ಎಲ್ಲಿ ಸಿಗತ್ತೆ ಸಾರ್ ಈ ಕಾಲದಲ್ಲಿ?"

ಟೈಲರ್ ತನ್ನ ಮಹಡಿಯ ಖಾಲಿ ಮನೆಯನ್ನು ನೆನೆದು ಬೆರಳೆತ್ತಿದ. ಬೇಕರಿಯವರು ತಮ್ಮ ಸೊಂಟ ಒತ್ತಿಕೊಂಡು, ಜೀಪಿನ ಹಿಂಭಾಗದಲ್ಲಿ ತಳ್ಳಲು ಇನ್ನೊಬ್ಬರಿಗೆ ಜಾಗವಿದೆಯೇ ಎಂದು ಕಣ್ಣಲ್ಲೇ ಅಳೆದರು. ಹೆಂಡತಿ ಗಂಡನತ್ತ ಬಗ್ಗಿ, ತನ್ನ ಭುಜ ತೋರಿಸಿ, ಕೇಳಿ ಎಂದು ಸನ್ನೆ ಮಾಡಿದಳು.

"ಮನೆ ಇದೆ ಸಾರ್," ಎಂದ ಜೀಪಣ್ಣ. "ನಿಮ್ಮ ಭುಜ ಹೇಗಿದೆ?"